ಮೈಯೊಳಗಿನ ಕುಡುಗೋಲುಗಳು



ಕುಡುಗೋಲಿಲ್ಲದೆ ಒಕ್ಕಲುತನವಿಲ್ಲ. ಪೈರಿನ ಬುಡಕ್ಕೆ ಹಾಕಿದರೆ ಅದು ಅನ್ನ ಕೊಡುತ್ತದೆ. ಕೈತಪ್ಪಿ ಕಾಲಿನ ಮೇಲೆ ಬಿದ್ದರೆ ಗಾಯ ಮಾಡುತ್ತದೆ. ಆದುದರಿಂದಲೇ ಕೊಯ್ಲು ಮುಗಿದ ಕೂಡಲೆ ಅದನ್ನು ಸೂರಿಗೆ ಸಿಕ್ಕಿಸಿ ಇಡುತ್ತೇವೆ, ಮಕ್ಕಳ ಕೈಗೆ ಸಿಕ್ಕದಂತೆ ನೋಡಿಕೊಳ್ಳುತ್ತೇವೆ.

ನಮ್ಮ ಮೈಯೊಳಗೂ, ನಮ್ಮ ದನಕರುಗಳ ಮೈಯೊಳಗೂ ಇಂತಹ ಕುಡುಗೋಲುಗಳಿವೆ. ಹಾವಿನ ವಿಷದಲ್ಲಿಯೂ ಇವೆ. ಅವು ಕಣ್ಣಿಗೆ ಕಾಣುವುದಿಲ್ಲ. ಅವುಗಳಿಗೆ ವಿಜ್ಞಾನಿಗಳು ಪೆಪ್ಟಿಡೇಸ್ ಎಂಬ ಹೆಸರಿಟ್ಟಿದ್ದಾರೆ. ಪ್ರೋಟೀನನ್ನು ಕತ್ತರಿಸತಕ್ಕ ಕಿಣ್ವಗಳೆಂದು ಅದರ ಅರ್ಥ. ಮನುಷ್ಯನ ಮೈಯಲ್ಲಿಯೇ ಇವು ೫೦೦ಕ್ಕೂ ಹೆಚ್ಚು ಬಗೆಯವು ಇವೆ.

“ಇದು ಡಾಕ್ಟರರಿಗೆ ಬೇಕಾದ ವಿಷಯ, ನಮಗೇಕೆ?” ಎಂದು ನೀವು ಕೇಳಬಹುದು. ಕಾರಣವಿದೆ. ಹುರಳಿಯನ್ನು ಏಕೆ ಬೇಯಿಸಬೇಕು, ಹುಟ್ಟಿದ ಕರುವಿಗೆ ಗಿಣ್ಣುಹಾಲನ್ನು ಏಕೆ ತಡಮಾಡದೆ ಕುಡಿಸಬೇಕು, ಮಂಡಲದ ಹಾವು ಕಚ್ಚಿದರೆ ಏಕೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು, ರಕ್ತದೊತ್ತಡದ ಮಾತ್ರೆಯನ್ನು ಏಕೆ ನಡುವೆ ನಿಲ್ಲಿಸಬಾರದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಈ ಕಿಣ್ವಗಳಲ್ಲಿದೆ. ಈ ಕುಡುಗೋಲುಗಳು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಅಳತೆಯಲ್ಲಿ ಕೆಲಸಮಾಡಿದರೆ ಆರೋಗ್ಯ. ಜಾಗ ತಪ್ಪಿದರೆ ರೋಗ. ಇಷ್ಟನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ.

ಪ್ರೋಟೀನೆಂಬ ಸರ

ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು, ಮಾಂಸ ಇವುಗಳಲ್ಲಿ ಹೇರಳವಾಗಿರುವ ಪೋಷಕಾಂಶವೇ ಪ್ರೋಟೀನು. ಹಿಂದಿನ ಪುಸ್ತಕಗಳಲ್ಲಿ ಇದನ್ನು ಸಸಾರಜನಕವೆಂದು ಕರೆಯುತ್ತಿದ್ದರು. ನಮ್ಮ ಮಾಂಸಖಂಡ, ಚರ್ಮ, ಕೂದಲು, ರಕ್ತ ಎಲ್ಲದರಲ್ಲಿಯೂ ಪ್ರೋಟೀನಿದೆ.

ಪ್ರೋಟೀನು ಮಣಿಸರವಿದ್ದಂತೆ. ಅಮೈನೋ ಆಮ್ಲಗಳೆಂಬ ಸುಮಾರು ೨೦ ಬಗೆಯ ಮಣಿಗಳನ್ನು ಒಂದಾದಮೇಲೊಂದರಂತೆ ಪೋಣಿಸಿದಾಗ ಒಂದು ಪ್ರೋಟೀನಾಗುತ್ತದೆ. ಅವರೆಕಾಳಿನ ಸರದ ಪೋಣಿಕೆ ಬೇರೆ, ನಮ್ಮ ಮಾಂಸಖಂಡದ ಸರದ ಪೋಣಿಕೆ ಬೇರೆ. ಆದುದರಿಂದ ಅವರೆಯ ಪ್ರೋಟೀನು ಇದ್ದಂತೆಯೇ ನಮ್ಮ ಮೈ ಸೇರಲಾರದು. ಮೊದಲು ಸರ ಕತ್ತರಿಸಿ ಮಣಿಗಳನ್ನು ಬಿಡಿಸಬೇಕು. ಆ ಮಣಿಗಳು ಕರುಳಿನಿಂದ ರಕ್ತಕ್ಕೆ ಸೇರಿ, ಮೈಗೆ ಬೇಕಾದ ಹೊಸ ಸರಗಳಾಗುತ್ತವೆ. ಹಳೆಯ ಮನೆ ಬಿಚ್ಚಿ, ಅದೇ ಇಟ್ಟಿಗೆಯಿಂದ ಹೊಸ ಮನೆ ಕಟ್ಟಿದ ಹಾಗೆ. ಈ ಬಿಚ್ಚುವ ಕೆಲಸವೇ ಪೆಪ್ಟಿಡೇಸುಗಳದು.

ಇದು ಪತ್ತೆಯಾದ ಬಗೆಯೂ ಸ್ವಾರಸ್ಯವಾಗಿದೆ. ತಿಂದದ್ದು ಹೊಟ್ಟೆಯಲ್ಲಿ ಅರೆದು ನುಣ್ಣಗಾಗುವುದರಿಂದಲೇ ಜೀರ್ಣವಾಗುತ್ತದೆಂದು ಹಿಂದೆ ಹಲವರು ನಂಬಿದ್ದರು. ಫ್ರಾನ್ಸ್ ದೇಶದ ರೆಯೋಮೂರ್ ಎಂಬ ವಿಜ್ಞಾನಿ ಒಂದು ಬೇಟೆಹಕ್ಕಿಗೆ ಸಣ್ಣ ಲೋಹದ ಕೊಳವೆಯೊಳಗೆ ಮಾಂಸವಿಟ್ಟು, ಕೊಳವೆಯ ಬಾಯಿಗೆ ಜಾಲರಿ ಕಟ್ಟಿ ನುಂಗಿಸಿದನು. ಅರಗದ ವಸ್ತುಗಳನ್ನು ಕಕ್ಕಿಬಿಡುವುದು ಆ ಹಕ್ಕಿಯ ಸ್ವಭಾವ. ಕಕ್ಕಿದ ಕೊಳವೆಯನ್ನು ತೆಗೆದು ನೋಡಿದರೆ ಒಳಗಿದ್ದ ಮಾಂಸ ಕರಗಿತ್ತು. ಕೊಳವೆಯೊಳಗೆ ಅರೆಯಲು ಅವಕಾಶವೇ ಇರಲಿಲ್ಲವಾದ್ದರಿಂದ, ಕರಗಿಸಿದ್ದು ಹೊಟ್ಟೆಯ ರಸವೇ ಎಂದು ಖಚಿತವಾಯಿತು. ಈ ಪ್ರಯೋಗ ಪ್ರಕಟವಾದುದು ೧೭೫೨ರಲ್ಲಿ. ಮುಂದೆ ೧೮೩೬ರಲ್ಲಿ ಜರ್ಮನಿಯ ಥಿಯೋಡರ್ ಶ್ವಾನ್ ಎಂಬಾತನು ಆ ರಸದಲ್ಲಿರುವ ಕಿಣ್ವವನ್ನು ಗುರುತಿಸಿ ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟನು.

ನಮ್ಮ ಅಡಿಗೆಮನೆಗಳಲ್ಲಿಯೂ ಇಂತಹ ಕಿಣ್ವದ ಬಳಕೆ ಇದೆ. ಬಲಿತ ಮಾಂಸ ಬೇಗ ಬೇಯಲೆಂದು ಪರಂಗಿಕಾಯಿಯ ಹೋಳು ಹಾಕುತ್ತಾರಲ್ಲವೆ? ಕಾಯಿಯ ಹಾಲಿನಲ್ಲಿರುವ ಪಪೇನ್ ಎಂಬ ಪೆಪ್ಟಿಡೇಸು ಮಾಂಸದ ನಾರನ್ನು ಕತ್ತರಿಸಿ ಮೆತ್ತಗೆ ಮಾಡುತ್ತದೆ. ಅದೇ ಹಾಲು ಕೈಗೆ ಹತ್ತಿದರೆ ಚರ್ಮ ಉರಿಯುತ್ತದೆ. ಕುಡುಗೋಲು ಒಂದೇ, ಪಾತ್ರೆಯಲ್ಲಿದ್ದಾಗ ಉಪಕಾರ, ಕೈಮೇಲೆ ಬಿದ್ದಾಗ ಅಪಕಾರ.

ಕುಡುಗೋಲಿಗೆ ಒರೆ

ಇಲ್ಲಿ ಒಂದು ಸಂದೇಹ ಬರುವುದು ಸಹಜ. ನಮ್ಮ ಹೊಟ್ಟೆ, ಕರುಳುಗಳೂ ಮಾಂಸದಿಂದಲೇ ಆದವು. ತಿಂದ ಮಾಂಸವನ್ನು ಕತ್ತರಿಸುವ ಕಿಣ್ವ ನಮ್ಮನ್ನೇ ಏಕೆ ಕತ್ತರಿಸುವುದಿಲ್ಲ?

ದೇಹವು ಇದಕ್ಕೆ ಮೂರು ಕಾವಲುಗಳನ್ನು ಇಟ್ಟಿದೆ. ಒಂದನೆಯದು, ಹೊಟ್ಟೆ ಮತ್ತು ಕರುಳಿನ ಒಳಮೈಗೆ ಬಳಿದಿರುವ ಲೋಳೆ. ಎರಡನೆಯದು, ಒರೆ. ಜಠರದ ಹಿಂದುಗಡೆ ಮೇದೋಜೀರಕ ಎಂಬ ಗ್ರಂಥಿಯಿದೆ. ಅದು ಟ್ರಿಪ್ಸಿನ್ ಎಂಬ ಹರಿತವಾದ ಕಿಣ್ವವನ್ನು ತಯಾರಿಸುತ್ತದೆ. ಆದರೆ ತಯಾರಿಸುವಾಗ ಅದರ ಬಾಯಿ ಮುಚ್ಚಿರುತ್ತದೆ, ಒರೆಯೊಳಗಿನ ಕತ್ತಿಯಂತೆ. ಅದು ಸಣ್ಣ ಕರುಳಿಗೆ ಇಳಿದ ಮೇಲೆ, ಕರುಳಿನ ಗೋಡೆಯಲ್ಲಿರುವ ಇನ್ನೊಂದು ಕಿಣ್ವ ಒರೆಯ ತುದಿಯನ್ನು ಕತ್ತರಿಸಿ ಹಾಕುತ್ತದೆ. ಆಗಷ್ಟೇ ಟ್ರಿಪ್ಸಿನ್ನು ಕೆಲಸಕ್ಕೆ ತೊಡಗುತ್ತದೆ. ಮೂರನೆಯ ಕಾವಲೆಂದರೆ ತಡೆಗಳು. ಎಲ್ಲಿಯಾದರೂ ಹೊತ್ತಿಗೆ ಮೊದಲೇ ಕಿಣ್ವವೊಂದು ಬಾಯಿ ತೆರೆದರೆ, ಅದರ ಬಾಯಿಗೆ ತುರುಕಿಕೊಂಡು ಕೆಲಸ ನಿಲ್ಲಿಸುವ ವಸ್ತುಗಳು ಗ್ರಂಥಿಯಲ್ಲಿಯೂ ರಕ್ತದಲ್ಲಿಯೂ ಇವೆ.

ಈ ಕಾವಲು ಮುರಿದರೆ ಏನಾಗುತ್ತದೆ? ಮಿತಿಮೀರಿದ ಕುಡಿತದಿಂದ, ಇಲ್ಲವೆ ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡವಾಗುವುದರಿಂದ, ಟ್ರಿಪ್ಸಿನ್ನು ಕರುಳು ಸೇರುವ ಮೊದಲೇ ಗ್ರಂಥಿಯೊಳಗೆ ಒರೆ ಕಳಚಿಬಿಡುತ್ತದೆ. ಆಗ ಗ್ರಂಥಿ ತನ್ನನ್ನು ತಾನೇ ಅರಗಿಸಿಕೊಳ್ಳತೊಡಗುತ್ತದೆ. ಮೇಲುಹೊಟ್ಟೆಯಲ್ಲಿ ತಡೆಯಲಾರದ ನೋವು ಎದ್ದು ಬೆನ್ನಿಗೆ ಹರಿಯುತ್ತದೆ, ವಾಂತಿ ನಿಲ್ಲುವುದಿಲ್ಲ. ಇದು ಸಾಮಾನ್ಯ ಹೊಟ್ಟೆನೋವಲ್ಲ, ಪ್ರಾಣಕ್ಕೆ ಅಪಾಯ ತರಬಲ್ಲ ಬೇನೆ. ಸೋಡಾ ಕುಡಿಸಿ, ಕಷಾಯ ಕುಡಿಸಿ ಕಾಯುತ್ತಾ ಕೂಡಬಾರದು. ಅಂದೇ ಆಸ್ಪತ್ರೆಗೆ ಸೇರಿಸಬೇಕು.

ಅಡಿಗೆಮನೆಯಲ್ಲಿ

ತಡೆಗಳು ನಮ್ಮ ಮೈಯಲ್ಲಿ ಮಾತ್ರ ಇವೆಯೆಂದು ತಿಳಿಯಬೇಡಿ. ಸೋಯಾ, ಅವರೆ, ಹುರಳಿ ಮುಂತಾದ ದ್ವಿದಳ ಧಾನ್ಯಗಳಲ್ಲಿಯೂ ಇವೆ. ಗಿಡಗಳು ತಮ್ಮ ಕಾಳನ್ನು ತಿನ್ನಬರುವ ಹುಳುಗಳ ವಿರುದ್ಧ ಇವನ್ನು ಕೂಡಿಟ್ಟಿವೆ. ಹುಳುವಿನ ಹೊಟ್ಟೆಯ ಟ್ರಿಪ್ಸಿನ್ನನ್ನು ಈ ವಸ್ತು ಕಟ್ಟಿಹಾಕಿದರೆ, ಹುಳು ತಿಂದರೂ ಅರಗದು, ಬೆಳೆಯದು. ಎಲೆಗೆ ದುಂಬಿ ಬಾಯಿ ಹಾಕಿದಾಗ ಟೊಮೇಟೊ ಗಿಡ ತನ್ನ ಬೇರೆ ಎಲೆಗಳಲ್ಲಿಯೂ ಇಂತಹ ತಡೆಯನ್ನು ತುಂಬಿಕೊಳ್ಳುತ್ತದೆಂದು ೧೯೭೨ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಕಾಯಿಕೊರಕದಂತಹ ಹುಳುಗಳೋ ಇನ್ನೂ ಜಾಣ. ಒಂದು ಬಗೆಯ ಕಿಣ್ವ ಕಟ್ಟಿಬಿದ್ದರೆ ಬೇರೆ ಬಗೆಯದನ್ನು ತಯಾರಿಸಿಕೊಳ್ಳುತ್ತವೆ. ಆದುದರಿಂದಲೇ ಗಿಡದ ಈ ರಕ್ಷಣೆಯನ್ನು ಮಾತ್ರ ನಂಬಿ ನಾವು ಸುಮ್ಮನಿರುವಂತಿಲ್ಲ.

ಹುಳುವಿಗೆಂದು ಇಟ್ಟ ಬೇಲಿ ನಮ್ಮ ಹೊಟ್ಟೆಗೂ ಬೇಲಿಯೇ. ಹಸಿಯ ಕಾಳು ತಿಂದರೆ ಅದರಲ್ಲಿರುವ ತಡೆ ನಮ್ಮ ಟ್ರಿಪ್ಸಿನ್ನನ್ನೂ ಕಟ್ಟುತ್ತದೆ. ಕಾಳಿನಲ್ಲಿ ಪ್ರೋಟೀನು ಬೇಕಾದಷ್ಟಿದ್ದರೂ ಮೈಗೆ ದಕ್ಕುವುದು ಸ್ವಲ್ಪ. ೧೯೧೭ರಲ್ಲಿಯೇ ಅಮೆರಿಕದ ಆಸ್‌ಬೋರ್ನ್ ಮತ್ತು ಮೆಂಡೆಲ್ ಎಂಬುವರು ಇಲಿಗಳ ಮೇಲೆ ಪರೀಕ್ಷೆ ನಡೆಸಿ, ಬೇಯಿಸಿದ ಸೋಯಾ ತಿಂದ ಇಲಿಗಳು ಚೆನ್ನಾಗಿ ಬೆಳೆದವು, ಹಸಿಯ ಸೋಯಾ ತಿಂದವು ಬೆಳೆಯಲಿಲ್ಲ ಎಂದು ತಿಳಿಸಿದರು. ಇದರ ಕಾರಣ ೧೯೪೦ರ ದಶಕದಲ್ಲಿ ತಿಳಿಯಿತು. ಸೋಯಾದಲ್ಲಿದ್ದ ತಡೆಯನ್ನು ಕುನಿಟ್ಜ್ ಎಂಬ ವಿಜ್ಞಾನಿ ಹರಳಿನ ರೂಪದಲ್ಲಿ ಬೇರ್ಪಡಿಸಿ ತೋರಿಸಿದನು.

ಇದಕ್ಕೆ ಪರಿಹಾರ ನಿಮ್ಮ ಮನೆಯ ಹೆಂಗಸರಿಗೆ ಗೊತ್ತಿರುವುದೇ. ರಾತ್ರಿ ನೆನೆಹಾಕುವುದು, ಮೊಳಕೆ ಕಟ್ಟುವುದು, ಚೆನ್ನಾಗಿ ಬೇಯಿಸುವುದು. ನೆನೆಸಿದಾಗ ತಡೆ ಸ್ವಲ್ಪ ಕಡಿಮೆಯಾಗುತ್ತದೆ. ಮೊಳಕೆಯಲ್ಲಿ ಇನ್ನಷ್ಟು ಇಳಿಯುತ್ತದೆ. ಒದ್ದೆಯ ಶಾಖದಲ್ಲಿ ಬೇಯಿಸಿದಾಗ ಬಹುಮಟ್ಟಿಗೆ ನಾಶವಾಗುತ್ತದೆ. ಮೊಳಕೆ ಹುರಳಿಯ ಸಾರು ಹಿರಿಯರ ಕಾಲದಿಂದ ಬಂದ ರುಚಿ ಮಾತ್ರವಲ್ಲ, ಕಾಳಿನ ಪ್ರೋಟೀನನ್ನು ಮೈಗೆ ದಕ್ಕಿಸಿಕೊಳ್ಳುವ ಉಪಾಯವೂ ಹೌದು. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಕಾಳನ್ನು ಬೆರಳಿನಿಂದ ಒತ್ತಿದರೆ ಹಿಸುಕುವಷ್ಟು ಮೆತ್ತಗೆ ಬೇಯಿಸಿ ಕೊಡಿರಿ.

ಕೋಳಿ ಸಾಕುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಸಿಯ ಸೋಯಾ ಪುಡಿಯನ್ನು ಮೇವಿಗೆ ಬೆರೆಸಿದರೆ ಮರಿಗಳು ಬೆಳೆಯುವುದಿಲ್ಲ. ಟ್ರಿಪ್ಸಿನ್ನು ಸಾಲದೆಂದು ಅವುಗಳ ಮೇದೋಜೀರಕ ಗ್ರಂಥಿ ದುಡಿದು ದುಡಿದು ಉಬ್ಬುತ್ತದೆ. ಶಾಖ ಕೊಟ್ಟು ಸಂಸ್ಕರಿಸಿದ ಸೋಯಾ ಹಿಂಡಿಯನ್ನೇ ಬಳಸಿರಿ. ಬೆಳೆದ ದನಗಳ ಮಾತು ಬೇರೆ. ಅವುಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ತಡೆಯನ್ನು ಬಹುಮಟ್ಟಿಗೆ ಮುರಿದುಹಾಕುತ್ತವೆ. ಆ ಹೊಟ್ಟೆ ಇನ್ನೂ ಬೆಳೆಯದ ಎಳೆಗರುಗಳಿಗೆ ಈ ಅನುಕೂಲವಿಲ್ಲ.

ಕೊಟ್ಟಿಗೆಯಲ್ಲಿ

ಎಳೆಗರುವಿನ ಮಾತು ಬಂದುದರಿಂದ ಈ ಲೇಖನದ ಮುಖ್ಯ ಸಂಗತಿಗಳಲ್ಲೊಂದನ್ನು ಹೇಳಬೇಕಾಗಿದೆ. ಹುಟ್ಟಿದ ಕರು ಬದುಕುವುದೂ ಸಾಯುವುದೂ ಅನೇಕ ಸಲ ಮೊದಲ ದಿನವೇ ತೀರ್ಮಾನವಾಗಿಬಿಡುತ್ತದೆ.

ಮನುಷ್ಯರ ಮಗುವಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೋಗ ತಡೆಯುವ ಪ್ರೋಟೀನುಗಳು ಮಾಸಿನ ಮೂಲಕ ಬರುತ್ತವೆ. ಹಸು, ಎಮ್ಮೆಗಳಲ್ಲಿ ಹಾಗಿಲ್ಲ. ಅವುಗಳ ಮಾಸು ಈ ಪ್ರೋಟೀನುಗಳನ್ನು ದಾಟಲು ಬಿಡುವುದಿಲ್ಲ. ಕರು ಹುಟ್ಟುವಾಗ ರೋಗದ ಎದುರು ಬರಿಗೈಯಲ್ಲಿ ನಿಂತಿರುತ್ತದೆ. ಅದಕ್ಕೆ ಬೇಕಾದ ಆಯುಧವೆಲ್ಲ ಗಿಣ್ಣುಹಾಲಿನಲ್ಲಿರುತ್ತದೆ. ಸಾಧಾರಣ ಹಾಲಿಗಿಂತ ಗಿಣ್ಣಿನಲ್ಲಿ ರೋಗನಿರೋಧಕ ಪ್ರೋಟೀನುಗಳು ಅನೇಕ ಪಟ್ಟು ಹೆಚ್ಚು.

ಆದರೆ ಅವೂ ಪ್ರೋಟೀನುಗಳೇ ಅಲ್ಲವೆ? ಹೊಟ್ಟೆಯ ಕುಡುಗೋಲುಗಳು ಅವುಗಳನ್ನೂ ಕತ್ತರಿಸಿಬಿಟ್ಟರೆ ಆಯುಧ ತುಂಡಾಯಿತು. ಪ್ರಕೃತಿ ಇದಕ್ಕೆ ಅದ್ಭುತವಾದ ಏರ್ಪಾಡು ಮಾಡಿದೆ. ಹುಟ್ಟಿದ ಕರುವಿನ ಹೊಟ್ಟೆಯಲ್ಲಿ ಹುಳಿ ತೀರ ಕಡಿಮೆಯಿರುವುದರಿಂದ ಪೆಪ್ಸಿನ್ನಿಗೆ ಬಲವಿರುವುದಿಲ್ಲ. ಗಿಣ್ಣಿನಲ್ಲಿಯೇ ಟ್ರಿಪ್ಸಿನ್ನನ್ನು ಕಟ್ಟಿಹಾಕುವ ತಡೆ ಬೆರೆತಿರುತ್ತದೆ. ಕರುಳಿನ ಗೋಡೆಯೂ ಆಗ ಬಾಗಿಲು ತೆರೆದಿಟ್ಟುಕೊಂಡು, ಇಡೀ ಪ್ರೋಟೀನನ್ನು ಕತ್ತರಿಸದೆ ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಕಾಳಿನಲ್ಲಿದ್ದಾಗ ನಮಗೆ ತೊಡಕಾದ ತಡೆಯೇ ಇಲ್ಲಿ ಕರುವಿನ ಪ್ರಾಣರಕ್ಷಕವಾಗಿದೆ, ನೋಡಿ.

ಈ ಬಾಗಿಲು ಬಹಳ ಹೊತ್ತು ತೆರೆದಿರುವುದಿಲ್ಲ. ಮೊದಲ ಆರು ಗಂಟೆಗಳಾದ ಮೇಲೆ ಅದು ಬೇಗಬೇಗನೆ ಮುಚ್ಚಿಕೊಳ್ಳುತ್ತಾ ಹೋಗುತ್ತದೆ. ಒಂದು ದಿನ ಕಳೆಯುವ ಹೊತ್ತಿಗೆ ಬಹುತೇಕ ಮುಚ್ಚಿಹೋಗಿರುತ್ತದೆ. ಆಮೇಲೆ ಬಿಂದಿಗೆ ತುಂಬ ಗಿಣ್ಣು ಕುಡಿಸಿದರೂ ಅದು ಆಹಾರವಾದೀತೇ ಹೊರತು ರಕ್ತಕ್ಕೆ ಸೇರುವ ಆಯುಧವಾಗದು.

ಹೀಗಿರುವುದರಿಂದ ಕೆಲವು ಕಡೆ ಇರುವ ಒಂದು ವಾಡಿಕೆಯನ್ನು ಬಿಡಲೇಬೇಕು. ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂದು ಹೇಳುತ್ತಾರೆ. (ಮಾಸನ್ನು ಕೆಲವರು ಸತ್ತೆ ಎಂದೂ, ಕೆಲವರು ಕಸ ಎಂದೂ ಕರೆಯುತ್ತಾರೆ.) ಮಾಸು ಬೀಳಲು ಎಷ್ಟೋ ಗಂಟೆ ಹಿಡಿಯಬಹುದು. ಅಷ್ಟು ಹೊತ್ತಿಗೆ ಕರುವಿನ ಬಾಗಿಲು ಮುಚ್ಚತೊಡಗಿರುತ್ತದೆ. ಕರು ಮೊಲೆ ಚೀಪುವುದರಿಂದ ಮಾಸು ಬೀಳಲು ಸಹಾಯವೇ ಆಗುತ್ತದೆ, ತೊಂದರೆಯಾಗದು.

ಮಾಡಬೇಕಾದುದು ಇಷ್ಟು. ಕರುವಿನ ಮೂಗು ಬಾಯಿ ಒರೆಸಿ, ಕೆಚ್ಚಲನ್ನು ಶುದ್ಧ ನೀರಿನಿಂದ ತೊಳೆದು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೊದಲ ಗಿಣ್ಣು ಕುಡಿಸಿರಿ. ಕರುವಿನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಗಿಣ್ಣು ಮೊದಲ ಹನ್ನೆರಡು ಗಂಟೆಗಳೊಳಗೆ ಹೊಟ್ಟೆ ಸೇರಬೇಕು. ಕರು ೨೫ ಕಿಲೋ ಇದ್ದರೆ ಎರಡೂವರೆ ಲೀಟರು. ಇದರಲ್ಲಿ ಅರ್ಧದಷ್ಟು ಮೊದಲನೆಯ ಸಲವೇ ಹೋಗಲಿ. ಏಳಲಾರದ ಕರುವಿಗೆ ಕರೆದ ಗಿಣ್ಣನ್ನು ಮೊಲೆತೊಟ್ಟಿರುವ ಬಾಟಲಿಯಿಂದ ನಿಧಾನವಾಗಿ ಕುಡಿಸಬೇಕು; ಬಾಯಿ ತೆರೆದು ಸುರಿದರೆ ಶ್ವಾಸಕೋಶಕ್ಕೆ ಇಳಿದೀತು. ಗಿಣ್ಣನ್ನು ಕುದಿಸಿ ಕುಡಿಸಕೂಡದು, ಶಾಖಕ್ಕೆ ಆಯುಧ ಕೆಟ್ಟು ಹೋಗುತ್ತದೆ. ತಾಯಿ ಸತ್ತಿದ್ದರೆ ಅಥವಾ ಹಾಲಿಳಿಸದಿದ್ದರೆ, ಅದೇ ಹೊತ್ತಿಗೆ ಈದ ಬೇರೊಂದು ಆರೋಗ್ಯವಂತ ಹಸುವಿನ ಗಿಣ್ಣನ್ನು ನೆರೆಮನೆಯಿಂದ ಕೇಳಿ ತನ್ನಿರಿ.

ಗಿಣ್ಣು ನಮ್ಮ ಕಡೆ ಎಲ್ಲರಿಗೂ ಇಷ್ಟವಾದ ತಿಂಡಿ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಬೇಡವೆನ್ನುವವರಿಲ್ಲ. ತಿನ್ನಬೇಡಿರೆಂದು ಯಾರೂ ಹೇಳುವುದಿಲ್ಲ. ಆದರೆ ಕರುವಿನ ಪಾಲು ಕರುವಿಗೆ ಸಂದ ಮೇಲೆ ಉಳಿದದ್ದು ನಮ್ಮ ಪಾತ್ರೆಗೆ ಬರಲಿ. ಒಂದು ಬಟ್ಟಲು ಗಿಣ್ಣಿನ ಆಸೆಗೆ ಒಂದು ಕಡಸನ್ನು ಕಳೆದುಕೊಳ್ಳುವುದು ಯಾವ ಲೆಕ್ಕದ ವ್ಯಾಪಾರ?

ಹೆತ್ತ ತಾಯಂದಿರಿಗೂ ಒಂದು ಮಾತು. ಮಗುವಿಗೆ ರಕ್ಷಣೆಯ ಬಹುಭಾಗ ಗರ್ಭದಲ್ಲಿಯೇ ಬರುವುದಾದರೂ, ಹಳದಿ ಬಣ್ಣದ ಮೊದಲ ಎದೆಹಾಲು ಅದರ ಕರುಳಿಗೆ ಕಾವಲು ಕೊಡುತ್ತದೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವುದು ತಪ್ಪು. ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕೊಡಬೇಕು.

ಹೊಲದಲ್ಲಿ

ಈಗ ಕುಡುಗೋಲು ಶತ್ರುವಿನ ಕೈಯಲ್ಲಿರುವ ಸಂದರ್ಭವನ್ನು ನೋಡೋಣ. ರಾಗಿ, ಭತ್ತದ ಕೊಯ್ಲಿನ ಕಾಲದಲ್ಲಿ ಇಲಿಗಳನ್ನು ಹುಡುಕಿಕೊಂಡು ಬರುವ ಕೊಳಕುಮಂಡಲದ ಹಾವು ನಮ್ಮ ಹೊಲಗದ್ದೆಗಳಲ್ಲಿ ಸಾಮಾನ್ಯ. ನಾಗರಹಾವು, ಕಟ್ಟುಹಾವುಗಳ ವಿಷ ಮುಖ್ಯವಾಗಿ ನರಗಳನ್ನು ಹಿಡಿಯುತ್ತದೆ. ರೆಪ್ಪೆ ಜೋಲುತ್ತದೆ, ನುಂಗಲಾಗುವುದಿಲ್ಲ, ಕೊನೆಗೆ ಉಸಿರು ಕಟ್ಟುತ್ತದೆ. ಕೊಳಕುಮಂಡಲ, ಗರಗಸಮಂಡಲಗಳ ವಿಷವೋ ಹೆಚ್ಚಾಗಿ ರಕ್ತದ ಮೇಲೆ ಬೀಳುತ್ತದೆ. ಇವುಗಳ ವಿಷದಲ್ಲಿ ಪೆಪ್ಟಿಡೇಸುಗಳು ತುಂಬಿವೆ.

ಗಾಯವಾದಾಗ ನಮ್ಮ ರಕ್ತ ಹೆಪ್ಪುಗಟ್ಟುವುದೂ ಪೆಪ್ಟಿಡೇಸುಗಳಿಂದಲೇ. ಒಂದು ಕಿಣ್ವ ಮುಂದಿನದರ ಒರೆ ಕಳಚುತ್ತದೆ, ಅದು ಅದರ ಮುಂದಿನದರದು. ಕಡೆಯ ಕಿಣ್ವ ರಕ್ತದಲ್ಲಿ ಕರಗಿರುವ ಒಂದು ಪ್ರೋಟೀನನ್ನು ಕತ್ತರಿಸಿ ನೂಲಿನಂತೆ ಮಾಡುತ್ತದೆ. ಆ ನೂಲಿನ ಬಲೆಯೇ ಹೆಪ್ಪು. ಕೊಳಕುಮಂಡಲದ ವಿಷ ಈ ಸಾಲಿನ ನಡುವೆ ನುಗ್ಗಿ, ಗಾಯವಿಲ್ಲದ ಕಡೆಯಲ್ಲೆಲ್ಲ ಒರೆ ಕಳಚಿಬಿಡುತ್ತದೆ. ಇದರ ಬಲ ಎಷ್ಟೆಂದರೆ, ೧೯೩೪ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್ ಎಂಬ ವೈದ್ಯರು ಇದೇ ವಿಷವನ್ನು ಬಹಳ ತೆಳುಮಾಡಿ, ರಕ್ತ ನಿಲ್ಲದ ರೋಗವಿದ್ದವರ ಗಾಯದ ಮೇಲೆ ಹಚ್ಚಿ ರಕ್ತ ನಿಲ್ಲಿಸಿದರು.

ಹಾಗಾದರೆ ಹಾವು ಕಚ್ಚಿದವರಲ್ಲಿ ರಕ್ತ ಸುರಿಯುವುದೇಕೆ? ಮೈಯೆಲ್ಲಾ ವ್ಯರ್ಥವಾಗಿ ಹೆಪ್ಪುಗಟ್ಟಿಸಿ, ಹೆಪ್ಪಿನ ಸಾಮಗ್ರಿಯನ್ನೆಲ್ಲ ವಿಷ ಖರ್ಚು ಮಾಡಿಬಿಡುತ್ತದೆ. ಕಣಜ ಬರಿದಾದ ಮೇಲೆ ನಿಜವಾಗಿ ಬೇಕಾದಾಗ ಒಂದು ಹಿಡಿಯೂ ಉಳಿದಿರುವುದಿಲ್ಲ. ವಸಡಿನಿಂದ, ಮೂತ್ರದಲ್ಲಿ, ಕಚ್ಚಿದ ಜಾಗದಿಂದ ರಕ್ತ ಒಸರುತ್ತದೆ. ಕಚ್ಚಿದ ಕಾಲು ಬಾತು ಕೊಳೆಯತೊಡಗುತ್ತದೆ. ಮೂತ್ರಪಿಂಡ ಕೆಡುತ್ತದೆ.

ಆಸ್ಪತ್ರೆಯಲ್ಲಿ ಇದನ್ನು ಸುಲಭವಾಗಿ ಕಂಡುಹಿಡಿಯುತ್ತಾರೆ. ಒಣಗಿದ ಶುಭ್ರವಾದ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು ೨೦ ನಿಮಿಷ ಅಲುಗಿಸದೆ ಇಡುತ್ತಾರೆ. ಅಷ್ಟರಲ್ಲಿ ಹೆಪ್ಪುಗಟ್ಟದಿದ್ದರೆ ವಿಷ ಏರಿದೆಯೆಂದು ಅರ್ಥ. ಆಗ ವಿಷನಿರೋಧಕ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕುದುರೆಗಳ ರಕ್ತದಿಂದ ತಯಾರಿಸುವ ಈ ಔಷಧ ವಿಷದ ಕಿಣ್ವಗಳನ್ನು ಹಿಡಿದು ಕಟ್ಟಿಹಾಕುತ್ತದೆ. ನಮ್ಮ ದೇಶದಲ್ಲಿ ದೊರೆಯುವ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಆಗುತ್ತದೆ. ಆದರೆ ಹೊಸದಾಗಿ ಕತ್ತರಿಸುವುದನ್ನು ಅದು ನಿಲ್ಲಿಸಬಲ್ಲದೇ ಹೊರತು ಆಗಲೇ ಕತ್ತರಿಸಿಹೋದುದನ್ನು ಕೂಡಿಸಲಾರದು. ತಡವಾದಷ್ಟೂ ನಷ್ಟ ಹೆಚ್ಚು. ಮಂತ್ರ ಹಾಕಿಸುತ್ತಾ, ಬೇರು ಕಟ್ಟಿಸುತ್ತಾ ಕಳೆದ ಗಂಟೆಗಳು ಮೂತ್ರಪಿಂಡದ ಬೆಲೆ ತೆಗೆದುಕೊಳ್ಳುತ್ತವೆ.

“ಮಂತ್ರದಿಂದ ಎಷ್ಟೋ ಜನ ಉಳಿದಿದ್ದಾರೆ” ಎಂದು ಕೆಲವರು ಹೇಳಬಹುದು. ಕಚ್ಚುವ ಹಾವುಗಳಲ್ಲಿ ಅನೇಕವು ವಿಷವಿಲ್ಲದವು. ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ. ಅಂಥವರು ಏನು ಮಾಡಿದರೂ ಬದುಕುತ್ತಿದ್ದರು. ವಿಷ ಏರಿದವರನ್ನು ಉಳಿಸುವುದು ಔಷಧವೇ.

ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕತ್ತರಿಸುವ ಕಿಣ್ವಗಳನ್ನು ಒಂದೇ ಕಡೆ ಕೂಡಿಹಾಕಿದರೆ ಆ ಭಾಗ ಬೇಗ ಕೊಳೆಯುತ್ತದೆ. ಬ್ಲೇಡಿನಿಂದ ಕೊಯ್ಯಬೇಡಿ, ಹೆಪ್ಪುಗಟ್ಟದ ರಕ್ತ ನಿಲ್ಲುವುದಿಲ್ಲ. ಬಾಯಿಂದ ಹೀರಬೇಡಿ. ಕಚ್ಚಿಸಿಕೊಂಡವರನ್ನು ಓಡಾಡಿಸದೆ, ಧೈರ್ಯ ಹೇಳಿ, ಮುರಿದ ಕಾಲಿಗೆ ಕಟ್ಟುವಂತೆ ದಬ್ಬೆ ಕಟ್ಟಿ, ಉಂಗುರ ಕಾಲುಂಗುರ ತೆಗೆದು, ೧೦೮ಕ್ಕೆ ಕರೆಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಹಾವನ್ನು ಹಿಡಿದು ತರುವ ಸಾಹಸ ಬೇಡ.

ಭಾರತದಲ್ಲಿ ೨೦೦೦ದಿಂದ ೨೦೧೯ರವರೆಗೆ ಸುಮಾರು ೧೨ ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಜನ, ಹಾವು ಕಚ್ಚಿ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಹಳ್ಳಿಯವರು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆಜ್ಞೆ ಹೊರಡಿಸಿತು. ರಾತ್ರಿ ಹೊಲಕ್ಕೆ ಹೋಗುವಾಗ ಬ್ಯಾಟರಿಯನ್ನೂ ಕಾಲು ಮುಚ್ಚುವ ಬೂಟನ್ನೂ ಮರೆಯಬಾರದು.

ವಿಷದಿಂದ ಬಂದ ಮಾತ್ರೆ

ಹಾವಿನ ವಿಷದಿಂದ ಲೋಕಕ್ಕೆ ಒಂದು ದೊಡ್ಡ ಉಪಕಾರವೂ ಆಗಿದೆ. ನಮ್ಮ ಮೈಯಲ್ಲಿ ರಕ್ತದೊತ್ತಡವನ್ನು ಏರಿಸುವ ಒಂದು ಪೆಪ್ಟಿಡೇಸಿದೆ. ರಕ್ತದಲ್ಲಿ ಹರಿಯುವ ಹತ್ತು ಮಣಿಗಳ ಒಂದು ಚಿಕ್ಕ ಸರದಿಂದ ಅದು ಎರಡು ಮಣಿಗಳನ್ನು ಕತ್ತರಿಸುತ್ತದೆ. ಉಳಿದ ಎಂಟು ಮಣಿಗಳ ಸರ ರಕ್ತನಾಳಗಳನ್ನು ಬಿಗಿಯುವಂತೆ ಮಾಡುತ್ತದೆ, ಒತ್ತಡ ಏರುತ್ತದೆ. ರಕ್ತ ನಷ್ಟವಾದಾಗ ಇದು ಬೇಕಾದ ಕೆಲಸವೇ. ಆದರೆ ಸದಾ ಬಿಗಿದುಕೊಂಡೇ ಇದ್ದರೆ ಹೃದಯಕ್ಕೂ ಮಿದುಳಿಗೂ ಮೂತ್ರಪಿಂಡಕ್ಕೂ ಅಪಾಯ.

ಬ್ರೆಜಿಲ್ ದೇಶದಲ್ಲಿ ಜರರಾಕ ಎಂಬ ಮಂಡಲದ ಜಾತಿಯ ಹಾವಿದೆ. ಅದು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಆ ದೇಶದ ಸೆರ್ಜಿಯೋ ಫೆರೇರಾ ಎಂಬ ವಿಜ್ಞಾನಿ ೧೯೬೫ರಲ್ಲಿ ಆ ವಿಷದಲ್ಲಿ ಚಿಕ್ಕ ಸರಗಳ ಒಂದು ವಸ್ತುವನ್ನು ಗುರುತಿಸಿದನು. ಒತ್ತಡ ಏರಿಸುವ ಕುಡುಗೋಲಿನ ಬಾಯಿಯನ್ನು ಅದು ಕಟ್ಟುತ್ತದೆಂದು ಮುಂದೆ ತಿಳಿದುಬಂತು. ಅದನ್ನು ಅನುಸರಿಸಿ ಅಮೆರಿಕದ ಕುಶ್ಮನ್ ಮತ್ತು ಒಂಡೆಟ್ಟಿ ಎಂಬುವರು ಬಾಯಿಂದ ನುಂಗಬಹುದಾದ ಕ್ಯಾಪ್ಟೊಪ್ರಿಲ್ ಎಂಬ ಔಷಧವನ್ನು ರೂಪಿಸಿದರು. ೧೯೮೧ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಇಂದು ಬಳಕೆಯಲ್ಲಿರುವ ಎನಲಾಪ್ರಿಲ್, ರಾಮಿಪ್ರಿಲ್ ಮಾತ್ರೆಗಳು ಅದೇ ಕುಲದವು.

ಮಾತ್ರೆ ಕುಡುಗೋಲನ್ನು ಕಟ್ಟಿಹಾಕುತ್ತದೆಯೇ ಹೊರತು ಮುರಿದು ಬಿಸಾಡುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಕಟ್ಟು ಬಿಚ್ಚಿ ಒತ್ತಡ ಮತ್ತೆ ಏರುತ್ತದೆ. ಆದುದರಿಂದ “ಈಗ ಚೆನ್ನಾಗಿದ್ದೇನೆ” ಎಂದು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು. ಈ ಕುಲದ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ. ಬಂದರೆ ವೈದ್ಯರಿಗೆ ತಿಳಿಸಿ ಬೇರೆ ಮಾತ್ರೆ ಪಡೆಯಬಹುದು. ಬಸುರಿಯರು ಇದನ್ನು ತೆಗೆದುಕೊಳ್ಳಕೂಡದು. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು ಸಲ್ಲದು.

ಬೇರೆ ರೋಗಗಳಲ್ಲಿಯೂ ಇದೇ ಉಪಾಯ ಫಲಿಸಿದೆ. ಎಚ್.ಐ.ವಿ. ವೈರಸ್ಸು ತನ್ನ ಸಂತಾನ ಬೆಳೆಸಲು ಬಳಸುವ ಪೆಪ್ಟಿಡೇಸನ್ನು ಕಟ್ಟುವ ಮೊದಲ ಔಷಧ ೧೯೯೫ರಲ್ಲಿ ಬಂತು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳೂ ಒಂದು ಪೆಪ್ಟಿಡೇಸನ್ನು ತಡೆದೇ ಕೆಲಸಮಾಡುತ್ತವೆ.

ಬೀಡಿಯ ಹೊಗೆ

ಕೊನೆಯದಾಗಿ ಶ್ವಾಸಕೋಶದ ಮಾತು. ಒಳಗೆ ಹೋದ ಧೂಳು, ರೋಗಾಣುಗಳನ್ನು ನಾಶಪಡಿಸಲು ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ ಪೆಪ್ಟಿಡೇಸನ್ನು ಬಿಡುತ್ತವೆ. ಅದು ಶ್ವಾಸಕೋಶದ ಹಿಗ್ಗಿ ಕುಗ್ಗುವ ನಾರನ್ನೂ ಕತ್ತರಿಸಬಲ್ಲದು. ಹಾಗಾಗದಂತೆ ಯಕೃತ್ತು ಒಂದು ತಡೆಯನ್ನು ತಯಾರಿಸಿ ರಕ್ತದ ಮೂಲಕ ಕಳುಹಿಸುತ್ತದೆ. ಹುಟ್ಟಿನಿಂದ ಈ ತಡೆ ಕಡಿಮೆಯಿರುವವರಿಗೆ ಶ್ವಾಸಕೋಶ ಬೇಗ ಸಡಿಲವಾಗುವುದನ್ನು ೧೯೬೩ರಲ್ಲಿ ಸ್ವೀಡನ್ ದೇಶದ ಲಾರೆಲ್ ಮತ್ತು ಎರಿಕ್ಸನ್ ಎಂಬ ವೈದ್ಯರು ತಿಳಿಸಿದರು. ಬೀಡಿ ಸಿಗರೇಟು ಸೇದುವವರು ಈ ಸ್ಥಿತಿಯನ್ನು ತಾವೇ ತಂದುಕೊಳ್ಳುತ್ತಾರೆ. ಹೊಗೆಯು ಬಿಳಿಕಣಗಳನ್ನು ಹೆಚ್ಚಾಗಿ ಸೆಳೆಯುತ್ತದೆ. ಜೊತೆಗೆ ಕಾವಲಿರುವ ತಡೆಯನ್ನು ಕೆಡಿಸುತ್ತದೆ. ಬೇಲಿ ಕಿತ್ತು ದನ ನುಗ್ಗಿಸಿದಂತಾಯಿತು. ಸಡಿಲವಾದ ನಾರು ಮತ್ತೆ ಬಿಗಿಯಾಗುವುದಿಲ್ಲ. ಆದರೆ ಇಂದೇ ಬಿಟ್ಟರೆ ಮುಂದಿನ ನಷ್ಟದ ವೇಗ ತಗ್ಗುತ್ತದೆ.

ನೆನಪಿನಲ್ಲಿಡತಕ್ಕ ಅಂಶಗಳು

೧. ಕಾಳುಗಳನ್ನು ನೆನೆಸಿ ಅಥವಾ ಮೊಳಕೆ ಕಟ್ಟಿ, ಮೆತ್ತಗೆ ಬೇಯಿಸಿ ತಿನ್ನಿರಿ. ಕೋಳಿಗಳಿಗೆ ಹಸಿಯ ಸೋಯಾ ಹಾಕಬೇಡಿ.

೨. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಕುಡಿಸಿರಿ. ಮಾಸು ಬೀಳುವುದನ್ನು ಕಾಯಬೇಡಿ. ಕರುವಿಗೆ ಕೊಡುವ ಗಿಣ್ಣನ್ನು ಕುದಿಸಬೇಡಿ.

೩. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ನೇರವಾಗಿ ಆಸ್ಪತ್ರೆಗೆ ಹೋಗಿರಿ.

೪. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

೫. ಕುಡಿತ ಮೇದೋಜೀರಕದ ಒರೆ ಕಳಚುತ್ತದೆ, ಬೀಡಿ ಶ್ವಾಸಕೋಶದ ಬೇಲಿ ಕೀಳುತ್ತದೆ. ಎರಡನ್ನೂ ಬಿಡಿರಿ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಕರುವಿನ ವಿಚಾರದಲ್ಲಿಯೂ ಹಾವಿನ ವಿಚಾರದಲ್ಲಿಯೂ ಬೇಕಾದುದು ಹೊತ್ತು ಮೀರದಂತೆ ನಡೆದುಕೊಳ್ಳುವುದೊಂದೇ. ಓದು ಬಾರದ ನೆರೆಯವರಿಗೆ ಇದನ್ನು ಓದಿ ಹೇಳಿರಿ. ಹಸು ಈಯುವ ದಿನ ಹತ್ತಿರವಿರುವ ಮನೆಗಳಿಗೆ ಮೊದಲು ಹೇಳಿರಿ. ಸಂದೇಹವಿದ್ದರೆ ಹತ್ತಿರದ ಪಶು ಚಿಕಿತ್ಸಾಲಯದಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಕೇಳಿ ತಿಳಿದುಕೊಳ್ಳಬಹುದು.